ಕ್ಯಾರವಾನ್ ಟ್ರೇಲರ್: ದೀರ್ಘ ನಿಲುಗಡೆಯಲ್ಲಿ ಆಧಾರ

ಮತ್ತೊಂದು ವಾಹನ ಎಳೆದೊಯ್ಯುವ ವಸತಿಗಾಡಿಯನ್ನು ತಿಂಗಳುಗಟ್ಟಲೆ ಬಳಸದೆ ನಿಲ್ಲಿಸುವಾಗ, ಅದು ಕುಸಿಯದಂತೆ, ಉರುಳದಂತೆ, ಮಗುಚದಂತೆ ಅದರ ಭಾರವನ್ನು ಚಾಸಿಯಿಂದ (ಗಾಡಿಯ ಉಕ್ಕಿನ ಅಡಿಚೌಕಟ್ಟಿನಿಂದ) ನೆಲಕ್ಕೆ ಇಳಿಸುವ ಏರ್ಪಾಡು ನಿಲುಗಡೆ ಆಧಾರ. ಗಾಲಿಗೆ ಕೊಡುವ ತಡೆ, ಮೂಕಿಗೆ ಕೊಡುವ ಊರೆ, ಚಾಸಿಯ ಅಡಿಗೆ ಇಡುವ ಸ್ಟ್ಯಾಂಡು, ಮೂಲೆಗಾಲುಗಳು, ಅಡಿಹಲಗೆ ಮತ್ತು ನೆಲಗೂಟ ಇದರ ಅಂಗಗಳು. ಭಾರತದಲ್ಲಿ ಕ್ಯಾರವಾನ್ ಟ್ರೇಲರುಗಳು ವಿರಳ. ಆದರೂ ಮುಂಬೈನ ವ್ಯಾನಿಟಿ ವ್ಯಾನು, ಪ್ರವಾಸೋದ್ಯಮದ ಕ್ಯಾರವಾನು, ಕರ್ನಾಟಕದ ಎತ್ತಿನ ಬಂಡಿ ಮತ್ತು ತೇರುಗಳ ನಿಲುಗಡೆಯೂ ಇದೇ ತತ್ವವನ್ನು ಅನುಸರಿಸುತ್ತದೆ. ಈ ಲೇಖನದಲ್ಲಿ ಸ್ಥಳೀಯ ಉದಾಹರಣೆಗೆ ಮುಂಬೈ ಉಪನಗರದ ವಿಲೆ ಪಾರ್ಲೆಯನ್ನು ಆರಿಸಿಕೊಂಡಿದೆ. ಭಾರೀ ಮಳೆ, ಉಪ್ಪುಗಾಳಿ, ಇಕ್ಕಟ್ಟಾದ ಜಾಗ ಮೂರೂ ಅಲ್ಲಿ ಒಟ್ಟಿಗೆ ಇವೆ.

ಪರಿಭಾಷೆ

ಟ್ರೇಲರಿನ ಹಲವು ಭಾಗಗಳಿಗೆ ಎತ್ತಿನ ಬಂಡಿಯ ಹೆಸರುಗಳೇ ಹೊಂದುತ್ತವೆ. ಈ ಲೇಖನದಲ್ಲಿ ಪದಗಳನ್ನು ಹೀಗೆ ಬಳಸಿದೆ.

ಮೂಕಿ: ಚಾಸಿಯಿಂದ ಮುಂದಕ್ಕೆ ಚಾಚಿ, ಎಳೆಯುವ ವಾಹನಕ್ಕೆ ಸೇರುವ ಉಕ್ಕಿನ ತೊಲೆ. ಇದರ ತುದಿಯಲ್ಲಿ ಕೊಂಡಿ ಇರುತ್ತದೆ.

ಮೂಕಿಭಾರ: ಕೊಂಡಿಯ ಮೇಲೆ ಕೆಳಮುಖವಾಗಿ ಬೀಳುವ ಭಾರ. ಸಾಮಾನ್ಯವಾಗಿ ಇದು ಟ್ರೇಲರಿನ ಒಟ್ಟು ತೂಕದ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ.

ಅಚ್ಚು: ಎರಡು ಗಾಲಿಗಳನ್ನು ಸೇರಿಸುವ ಅಡ್ಡತೊಲೆ.

ಜಾಕಿ: ಭಾರವನ್ನು ಎತ್ತುವ ಸಾಧನ. ತಿರುಪಿನದು ಮತ್ತು ಹೈಡ್ರಾಲಿಕ್ ಎಂದು ಎರಡು ಬಗೆ.

ಸ್ಟ್ಯಾಂಡು: ಎತ್ತಿದ ಭಾರವನ್ನು ಹೊತ್ತು ನಿಲ್ಲುವ, ಎತ್ತರವನ್ನು ಪಿನ್ನಿನಿಂದ ಇಲ್ಲವೆ ಹಲ್ಲಿನಿಂದ ಬಿಗಿಮಾಡುವ ಉಕ್ಕಿನ ಕಾಲು. ಮುಂಬೈ ಗ್ಯಾರೇಜುಗಳಲ್ಲಿ ಇದಕ್ಕೆ ಘೋಡಿ ಎನ್ನುತ್ತಾರೆ.

ಮೂಲೆಗಾಲು: ಗಾಡಿಯ ನಾಲ್ಕು ಮೂಲೆಗಳಲ್ಲಿ ಇಳಿಬಿಡುವ, ಓಲಾಟವನ್ನು ಮಾತ್ರ ತಡೆಯುವ ಮಡಚುಗಾಲು.

ಗಾಲಿತಡೆ: ಗಾಲಿ ಉರುಳದಂತೆ ಹಿಂದೆ ಮುಂದೆ ಇಡುವ ಬೆಣೆ. ಚಾಲಕರ ಮಾತಿನಲ್ಲಿ ಇದು ‘ಟಯರಿಗೆ ಕಲ್ಲು ಕೊಡುವುದು’.

ದಿಮ್ಮಿ ಅಟ್ಟಿ: ಮರದ ದಿಮ್ಮಿಗಳನ್ನು ಒಂದು ಸಾಲು ಉದ್ದಕ್ಕೆ, ಮುಂದಿನ ಸಾಲು ಅಡ್ಡಕ್ಕೆ ಪೇರಿಸಿ ಮಾಡುವ ಆಧಾರ.

ಎತ್ತುವುದು, ಹೊರುವುದು, ಓಲದಂತೆ ಹಿಡಿಯುವುದು, ಉರುಳದಂತೆ ತಡೆಯುವುದು ನಾಲ್ಕೂ ಬೇರೆ ಬೇರೆ ಕೆಲಸಗಳು. ಒಂದೊಂದಕ್ಕೂ ಪ್ರತ್ಯೇಕ ಸಾಧನವಿದೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ವಹಿಸಿದರೆ ಅವಘಡವಾಗಬಹುದು.

ಹಿನ್ನೆಲೆ

ನಿಂತ ಗಾಡಿಗೆ ಊರೆ ಕೊಡುವ ರೂಢಿ ಎರಡು ಗಾಲಿಯ ಬಂಡಿಯಷ್ಟೇ ಹಳೆಯದು. ಎತ್ತುಗಳನ್ನು ಬಿಚ್ಚಿದ ಕೂಡಲೇ ಬಂಡಿಯ ಮುಂಭಾಗ ನೆಲಕ್ಕೆ ಬಾಗುತ್ತದೆ. ಆದ್ದರಿಂದ ಮೂಕಿಯ ಅಡಿಗೆ ಕವಲುಗೋಲು ಕೊಡುವುದು, ಇಲ್ಲವೆ ನೊಗವನ್ನು ಕಟ್ಟೆಯ ಮೇಲೆ ಇಡುವುದು ಕರ್ನಾಟಕದ ಹಳ್ಳಿಗಳಲ್ಲಿ ವಾಡಿಕೆ. ಮಳೆಗಾಲದಲ್ಲಿ ಬಂಡಿಯನ್ನು ಕೊಟ್ಟಿಗೆಗೆ ಸೇರಿಸಿ, ಗಾಲಿಗಳನ್ನು ಕಳಚಿ, ಅಚ್ಚನ್ನು ಕಲ್ಲಿನ ಮೇಲೆ ಕೂರಿಸುವುದೂ ಉಂಟು. ಮರದ ಗಾಲಿ ತೇವದ ನೆಲದಲ್ಲಿ ನಿಂತರೆ ನೆಲ ಮುಟ್ಟಿದ ಭಾಗ ಕೊಳೆಯುತ್ತದೆ.

ವಿಹಾರಕ್ಕೆಂದೇ ಕಟ್ಟಿದ ವಸತಿಗಾಡಿ ಬ್ರಿಟನ್ನಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾಣಿಸಿಕೊಂಡಿತು. ಬರಹಗಾರ ಗಾರ್ಡನ್ ಸ್ಟೇಬಲ್ಸ್ ಅವರಿಗಾಗಿ 1885ರಲ್ಲಿ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್ ಕಟ್ಟಿದ ‘ದಿ ವಾಂಡರರ್’ ಎಂಬ ಕುದುರೆಗಾಡಿಯನ್ನು ಈ ಬಗೆಯ ಮೊದಲನೆಯದೆಂದು ಎಣಿಸುತ್ತಾರೆ. ಅಲ್ಲಿ ಕ್ಯಾರವಾನ್ ಕ್ಲಬ್ 1907ರಲ್ಲಿ ಸ್ಥಾಪನೆಯಾಯಿತು. ಮೊದಲ ಮಹಾಯುದ್ಧದ ಬಳಿಕ ಮೋಟಾರು ಕಾರು ಎಳೆಯುವ ಟ್ರೇಲರುಗಳು ಬಂದವು. ಅಮೆರಿಕದಲ್ಲಿ ವಾಲಿ ಬಯಮ್ ಅವರ ಏರ್‌ಸ್ಟ್ರೀಮ್ ಸಂಸ್ಥೆ 1936ರಲ್ಲಿ ಅಲ್ಯೂಮಿನಿಯಂ ಹೊದಿಕೆಯ ‘ಕ್ಲಿಪ್ಪರ್’ ಮಾದರಿಯನ್ನು ಹೊರತಂದಿತು. ಚಳಿ ದೇಶಗಳಲ್ಲಿ ಟ್ರೇಲರನ್ನು ಬೇಸಗೆಯಲ್ಲಿ ಬಳಸಿ ಚಳಿಗಾಲವಿಡೀ ನಿಲ್ಲಿಸುವುದರಿಂದ ದೀರ್ಘ ನಿಲುಗಡೆಯ ವಿಧಾನಗಳು ಮೊದಲು ಅಲ್ಲಿ ಖಚಿತ ರೂಪ ಪಡೆದವು. ಅಲ್ಲಿನ ಮುಖ್ಯ ತೊಂದರೆ ನೀರು ಹೆಪ್ಪುಗಟ್ಟುವುದು. ಕೊಂಕಣ ತೀರದಲ್ಲಿ ನಿಲುಗಡೆಯ ಕಾಲ ಮಳೆಗಾಲವಾದ್ದರಿಂದ ತುಕ್ಕು, ಕೊಳೆತ ಮತ್ತು ಮೆತ್ತಗಾಗುವ ನೆಲ ಮುಖ್ಯ ತೊಂದರೆಗಳು.

ರಚನೆ ಮತ್ತು ಭಾರದ ಹಾದಿ

ಟ್ರೇಲರಿನ ಗೋಡೆ, ನೆಲ, ಚಾವಣಿಗಳು ಹಗುರವಾದ ಹಲಗೆ ಮತ್ತು ತೆಳು ತಗಡಿನಿಂದ ಆದವು. ಅವು ಭಾರ ಹೊರುವಂಥವಲ್ಲ. ಇಡೀ ಗಾಡಿಯ ತೂಕ ಉಕ್ಕಿನ ಚಾಸಿಗೆ, ಅಲ್ಲಿಂದ ಸ್ಪ್ರಿಂಗು, ಅಚ್ಚು ಮತ್ತು ಗಾಲಿಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ಉಳಿದ ಸ್ವಲ್ಪ ಪಾಲು ಮೂಕಿಯ ಮೂಲಕ ಎಳೆಯುವ ವಾಹನದ ಮೇಲೆ ಬೀಳುತ್ತದೆ. ಗಾಡಿಯನ್ನು ಬಿಚ್ಚಿದಾಗ ಆ ಪಾಲನ್ನು ಮೂಕಿಗೆ ಅಳವಡಿಸಿದ ತಿರುಪಿನ ಕಾಲು, ಅಂದರೆ ಮೂಕಿಗಾಲು, ಹೊರುತ್ತದೆ. ಆಧಾರವನ್ನು ಯಾವಾಗಲೂ ಚಾಸಿಯ ಮುಖ್ಯ ತೊಲೆಗಳ ಅಡಿಗೆ, ಅಚ್ಚಿಗೆ ಹತ್ತಿರವಾಗಿ ಕೊಡಬೇಕು. ನೆಲದ ಹಲಗೆಯ ಅಡಿಗೆ, ನೀರಿನ ತೊಟ್ಟಿಯ ಅಡಿಗೆ ಅಥವಾ ಹಿಂದಿನ ಬಂಪರಿನ ಅಡಿಗೆ ಕೊಡಬಾರದು. ಅಚ್ಚಿನ ಕೊಳವೆಯ ನಡುವಿಗೆ ಜಾಕಿ ಕೊಟ್ಟರೆ ಕೊಳವೆ ಬಾಗಿ ಗಾಲಿಗಳ ನೇರ ತಪ್ಪಬಹುದು. ಹೀಗಾಗಿ ಅನೇಕ ತಯಾರಕರು ಅಚ್ಚಿನ ಅಡಿಯಿಂದ ಎತ್ತುವುದನ್ನು ನಿಷೇಧಿಸಿದ್ದಾರೆ.

ಭಾರದ ಹಂಚಿಕೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. 1,500 ಕಿಲೋ ತೂಕದ, ಒಂದೇ ಅಚ್ಚಿನ ಟ್ರೇಲರಿನಲ್ಲಿ ಕೊಂಡಿಗೂ ಅಚ್ಚಿಗೂ 4 ಮೀಟರ್ ಅಂತರವಿದ್ದು ಮೂಕಿಭಾರ 150 ಕಿಲೋ ಇದೆ ಎಂದಿಟ್ಟುಕೊಳ್ಳಬಹುದು. ಆಗ ಗಾಡಿಯ ಗುರುತ್ವಕೇಂದ್ರ ಅಚ್ಚಿನಿಂದ 40 ಸೆಂಟಿಮೀಟರ್ ಮುಂದಿರುತ್ತದೆ. ಗಾಡಿಯ ಮೂತಿಯನ್ನು, ಅಂದರೆ ಮುಂಭಾಗವನ್ನು, ನೆಲದ ಕಡೆಗೆ ಒತ್ತುವ ತಿರುಗುಬಲ 600 ಕಿಲೋಗ್ರಾಂ-ಮೀಟರ್, ಅಂದರೆ 1,500 ಕಿಲೋ ತೂಕವನ್ನು 0.4 ಮೀಟರಿನಿಂದ ಗುಣಿಸಿದ್ದು. ದೀರ್ಘ ನಿಲುಗಡೆಗೆ ಮುನ್ನ ಮೂಕಿಯ ಮೇಲಿನ ಅಡುಗೆ ಅನಿಲದ ಸಿಲಿಂಡರುಗಳನ್ನೂ ಬ್ಯಾಟರಿಯನ್ನೂ ತೆಗೆಯುವುದು ವಾಡಿಕೆ. 14.2 ಕಿಲೋ ಅನಿಲದ ತುಂಬಿದ ಸಿಲಿಂಡರು ಒಟ್ಟು ಸುಮಾರು 30 ಕಿಲೋ ತೂಗುತ್ತದೆ. ಎರಡು ಸಿಲಿಂಡರು ಮತ್ತು 25 ಕಿಲೋದ ಬ್ಯಾಟರಿ ಸೇರಿ 85 ಕಿಲೋ. ಇವು ಅಚ್ಚಿನಿಂದ 3.5 ಮೀಟರ್ ಮುಂದಿದ್ದರೆ ಅವನ್ನು ತೆಗೆದಾಗ ತಿರುಗುಬಲ ಸುಮಾರು 300ಕ್ಕೆ, ಮೊದಲಿನ ಅರ್ಧಕ್ಕೆ, ಇಳಿಯುತ್ತದೆ. ಆಮೇಲೆ ಅಚ್ಚಿನಿಂದ 3 ಮೀಟರ್ ಹಿಂದೆ 100 ಕಿಲೋಗಿಂತ ಸ್ವಲ್ಪ ಹೆಚ್ಚು ಭಾರ ಬಿದ್ದರೂ ಮೂತಿ ಮೇಲೆದ್ದು ಗಾಡಿ ಹಿಂದಕ್ಕೆ ವಾಲುತ್ತದೆ. ಹಿಂಬದಿಯ ಕೋಣೆಗೆ ಇಬ್ಬರು ಒಟ್ಟಿಗೆ ಕಾಲಿಟ್ಟರೆ ಇಷ್ಟು ಭಾರವಾಗುತ್ತದೆ. ಈ ಕಾರಣದಿಂದ ಸಿಲಿಂಡರು, ಬ್ಯಾಟರಿಗಳನ್ನು ತೆಗೆಯುವ ಮೊದಲೇ ಹಿಂಭಾಗದ ಚಾಸಿಗೆ ಸ್ಟ್ಯಾಂಡು ಕೊಟ್ಟಿರಬೇಕು.

ಆಧಾರ ಸಾಧನಗಳ ವಿಧಗಳು

ಗಾಲಿತಡೆ: ರಬ್ಬರು, ಉಕ್ಕು ಅಥವಾ ಗಟ್ಟಿಮರದ್ದು. ಪ್ರತಿ ಗಾಲಿಗೂ ಹಿಂದೊಂದು ಮುಂದೊಂದು ಬೇಕು. ಎರಡು ಅಚ್ಚಿನ ಟ್ರೇಲರಿನಲ್ಲಿ ಎರಡು ಗಾಲಿಗಳ ನಡುವೆ ಹಿಗ್ಗಿಸಿ ಬಿಗಿಮಾಡುವ ತಡೆಯೂ ಬಳಕೆಯಲ್ಲಿದೆ. ಅದು ಅಲುಗಾಟವನ್ನು ಕಡಿಮೆ ಮಾಡುತ್ತದೆಯೇ ಹೊರತು ಬೆಣೆಯ ಬದಲಿಗೆ ಬರುವುದಿಲ್ಲ. ಬಿಡಿ ಕಲ್ಲು, ಒಡೆದ ಇಟ್ಟಿಗೆ ಜಾರುವ ಸಂಭವ ಇರುವುದರಿಂದ ದೀರ್ಘ ನಿಲುಗಡೆಗೆ ತಕ್ಕವಲ್ಲ.

ಮೂಕಿಗಾಲು: ಮೂಕಿಯ ಮೇಲೆ ಅಳವಡಿಸಿದ ತಿರುಪಿನ ಕಾಲು. ಕೆಲವುಗಳ ತುದಿಗೆ ಚಿಕ್ಕ ಗಾಲಿ ಇರುತ್ತದೆ. ಈ ಗಾಲಿ ಗಾಡಿಯನ್ನು ಸರಿಸಲು ಇರುವಂಥದು. ಹಲವು ತಿಂಗಳ ನಿಲುಗಡೆಯಲ್ಲಿ ಮೂಕಿಯ ಅಡಿಗೆ ಸ್ಟ್ಯಾಂಡನ್ನೋ ದಿಮ್ಮಿ ಅಟ್ಟಿಯನ್ನೋ ಕೊಟ್ಟು ಮೂಕಿಗಾಲಿನ ಭಾರವನ್ನು ಇಳಿಸಬೇಕು.

ಮೂಲೆಗಾಲು: ಜನ ಒಳಗೆ ಓಡಾಡುವಾಗ ಗಾಡಿ ಓಲದಂತೆ ಇಳಿಬಿಡುವ ಕಾಲು. ನೆಲ ಮುಟ್ಟಿದ ಮೇಲೆ ಅರ್ಧ ಸುತ್ತಿಗಿಂತ ಹೆಚ್ಚು ಬಿಗಿಮಾಡುವ ಅಗತ್ಯವಿಲ್ಲ. ಇದರಿಂದ ಗಾಡಿಯನ್ನು ಎತ್ತಲು ಹೋದರೆ ಕಾಲು ಬಾಗುತ್ತದೆ, ಇಲ್ಲವೆ ಚಾಸಿ ತಿರುಚಿಕೊಂಡು ಬಾಗಿಲು, ಕಿಟಕಿಗಳು ಸಿಕ್ಕಿಕೊಳ್ಳುತ್ತವೆ.

ಸ್ಟ್ಯಾಂಡು: ದೀರ್ಘ ನಿಲುಗಡೆಯ ಮುಖ್ಯ ಆಧಾರ. ಅಚ್ಚಿನ ಮುಂದೆ ಎರಡು, ಹಿಂದೆ ಎರಡು, ಹೀಗೆ ಕನಿಷ್ಠ ನಾಲ್ಕು ಬೇಕು. ತಯಾರಕರು ಸೂಚಿಸಿದ ತೂಕಕ್ಕಿಂತ ಹೆಚ್ಚು ಹೇರಬಾರದು. ಪಿನ್ನು ಪೂರ್ತಿ ತೂರಿದೆ, ಕಾಲು ನೆಟ್ಟಗೆ ನಿಂತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ದಿಮ್ಮಿ ಅಟ್ಟಿ: ಒತ್ತಡಕ್ಕೆ ಸಿಕ್ಕ ಮರ ಮುರಿಯುವ ಮುನ್ನ ಕಿರುಗುಟ್ಟುತ್ತದೆ, ನುಜ್ಜಾಗುತ್ತದೆ. ಈ ಮುನ್ಸೂಚನೆ ಕಾಂಕ್ರೀಟಿನಲ್ಲಿ ಇಲ್ಲ. ಆದ್ದರಿಂದ ರಕ್ಷಣಾ ಕಾರ್ಯಗಳಲ್ಲಿ ಮರದ ಅಟ್ಟಿಗೆ ಪ್ರಾಶಸ್ತ್ಯವಿದೆ. ಅಟ್ಟಿಯ ಎತ್ತರ ಅದರ ಅಡಿಯ ಅಗಲದ ಮೂರು ಪಟ್ಟನ್ನು ಮೀರಬಾರದು ಎಂಬುದು ಅಲ್ಲಿನ ರೂಢಿ. ದೀರ್ಘ ನಿಲುಗಡೆಯಲ್ಲಿ ಎತ್ತರ ಅಗಲಕ್ಕಿಂತ ಕಡಿಮೆಯಿದ್ದರೆ ಉತ್ತಮ. ಮಳೆಗಾಲದಲ್ಲಿ ಹಸಿಮರ, ಪ್ಲೈವುಡ್, ಗೆದ್ದಲು ಹಿಡಿಯುವ ಮರ ಕೂಡದು.

ಕಾಂಕ್ರೀಟ್ ಬ್ಲಾಕು ಮತ್ತು ಇಟ್ಟಿಗೆ: ಟೊಳ್ಳು ಬ್ಲಾಕು ಒಂದೇ ಬಿಂದುವಿನ ಮೇಲೆ ಬಿದ್ದ ಭಾರಕ್ಕೆ ಮುನ್ಸೂಚನೆ ಇಲ್ಲದೆ ಸೀಳುತ್ತದೆ. ಅಡ್ಡ ಮಲಗಿಸಿದ ಟೊಳ್ಳು ಬ್ಲಾಕು ಇನ್ನೂ ದುರ್ಬಲ. ಇವನ್ನು ಆಧಾರವಾಗಿ ಬಳಸುವುದು ಸುರಕ್ಷಿತವಲ್ಲ.

ಅಡಿಹಲಗೆ: ಸ್ಟ್ಯಾಂಡಿನ ಪಾದ ಚಿಕ್ಕದಾದ್ದರಿಂದ ಅದರ ಅಡಿಗೆ ಅಗಲವಾದ ಉಕ್ಕಿನ ತಗಡು ಅಥವಾ ದಪ್ಪ ಹಲಗೆ ಬೇಕು.

ನೆಲಗೂಟ ಮತ್ತು ಪಟ್ಟಿ: ಗಾಳಿಗೆ ಗಾಡಿ ಮಗುಚದಂತೆ ಚಾಸಿಯನ್ನು ನೆಲಕ್ಕೆ ಬಿಗಿಯುವ ತಿರುಪುಗೂಟ, ಕಾಂಕ್ರೀಟಿನಲ್ಲಿ ಹುಗಿದ ಬಳೆ ಮತ್ತು ಬಿಗಿಪಟ್ಟಿಗಳು. ಪಟ್ಟಿಯನ್ನು ಚಾವಣಿಯ ಮೇಲೆ ಹಾಯಿಸದೆ ಚಾಸಿಗೇ ಕಟ್ಟುತ್ತಾರೆ.

ನೆಲ

ಆಧಾರದ ಗಟ್ಟಿತನ ಅದರ ಕೆಳಗಿನ ನೆಲವನ್ನು ಅವಲಂಬಿಸಿದೆ. ಹೆಬ್ಬೆರಳು ಸಲೀಸಾಗಿ ಇಳಿಯುವಷ್ಟು ಮೆದುವಾದ ಜೇಡಿ ಪ್ರತಿ ಚದರ ಮೀಟರಿಗೆ ಸುಮಾರು 5 ಟನ್ ಭಾರವನ್ನಷ್ಟೇ ಸುರಕ್ಷಿತವಾಗಿ ತಾಳಬಲ್ಲದು. ಮೇಲಿನ 1,500 ಕಿಲೋ ಗಾಡಿ ನಾಲ್ಕು ಸ್ಟ್ಯಾಂಡುಗಳ ಮೇಲೆ ಸಮವಾಗಿ ನಿಂತರೆ ಒಂದೊಂದರ ಪಾಲು 375 ಕಿಲೋ. ಪಾದ 20 ಸೆಂ.ಮೀ. ಚೌಕವಾಗಿದ್ದರೆ ಒತ್ತಡ ಚದರ ಮೀಟರಿಗೆ 9.4 ಟನ್. 30 ಸೆಂ.ಮೀ. ಚೌಕದ ಅಡಿಹಲಗೆ ಇಟ್ಟರೆ 4.2 ಟನ್ನಿಗೆ ಇಳಿಯುತ್ತದೆ. ಬೇಸಗೆಯಲ್ಲಿ ಕಲ್ಲಿನಂತೆ ಕಾಣುವ ಮಣ್ಣು ಜೂನಿನ ಮಳೆಗೆ ಮೆದು ಜೇಡಿಯ ಸ್ಥಿತಿಗೆ ಬರುತ್ತದೆ. ಆದ್ದರಿಂದ ಅಡಿಹಲಗೆಯ ಅಳತೆಯನ್ನು ಒದ್ದೆ ನೆಲವನ್ನು ಗಮನದಲ್ಲಿಟ್ಟು ನಿರ್ಧರಿಸಬೇಕು. ನಾಲ್ಕರಲ್ಲಿ ಒಂದೇ ಸ್ಟ್ಯಾಂಡು ಕುಸಿದರೂ ಅದರ ಪಾಲಿನ ಭಾರ ಉಳಿದವುಗಳ ಮೇಲೆ ಅಸಮವಾಗಿ ಬಿದ್ದು ಚಾಸಿ ತಿರುಚಿಕೊಳ್ಳುತ್ತದೆ.

ಕಟ್ಟಡದ ನೆಲಹಾಸಿನ ಮೇಲೆ ನಿಲ್ಲಿಸುವುದು ಬೇರೆ ಬಗೆಯ ಲೆಕ್ಕ. ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗದ ಪ್ರಕಾರ, ಒಟ್ಟು ತೂಕ 25 ಕಿಲೋನ್ಯೂಟನ್ (ಸುಮಾರು 2.5 ಟನ್) ಮೀರದ ವಾಹನಗಳ ಗ್ಯಾರೇಜು ನೆಲವನ್ನು ಚದರ ಮೀಟರಿಗೆ 2.5 ಕಿಲೋನ್ಯೂಟನ್ ಹರಡಿದ ಭಾರಕ್ಕೆ, ಒಂದೆಡೆ ಬೀಳುವ ಭಾರವಾದರೆ 9 ಕಿಲೋನ್ಯೂಟನ್ನಿಗೆ ವಿನ್ಯಾಸ ಮಾಡುತ್ತಾರೆ. ಕಾರುಗಳಿಗೆಂದು ಕಟ್ಟಿದ ಪೋಡಿಯಂ ಮಹಡಿಯ ಮೇಲೆ ಬಸ್ ಚಾಸಿಯ ವ್ಯಾನನ್ನು ನಿಲ್ಲಿಸುವುದು ಈ ಮಿತಿಯನ್ನು ಮೀರುತ್ತದೆ. ಮಹಡಿಯ ಮೇಲೆ ನಿಲ್ಲಿಸುವಾಗ ಸ್ಟ್ಯಾಂಡುಗಳನ್ನು ತೊಲೆಗಳ ನೇರಕ್ಕೆ ಇಡುವುದು, ಅಡಿಹಲಗೆಯನ್ನು ದೊಡ್ಡದು ಮಾಡುವುದು ಮತ್ತು ಸ್ಟ್ರಕ್ಚರಲ್ ಎಂಜಿನಿಯರರ ಒಪ್ಪಿಗೆ ಪಡೆಯುವುದು ಅಗತ್ಯ.

ಅಳವಡಿಸುವ ಕ್ರಮ

1. ಸಮತಟ್ಟಾದ, ನೀರು ಹರಿದುಹೋಗುವ ಜಾಗವನ್ನು ಆರಿಸುವುದು. ತೆಂಗು ಮತ್ತು ಒಣಕೊಂಬೆಯ ಮರಗಳ ಅಡಿ ತಪ್ಪಿಸುವುದು.

2. ಗಾಡಿ ಎಳೆಯುವ ವಾಹನಕ್ಕೆ ಸೇರಿರುವಾಗಲೇ ಗಾಲಿಗಳ ಅಡಿಗೆ ಹಲಗೆ ಇಟ್ಟು ಎಡಬಲದ ಮಟ್ಟವನ್ನು ರಸಮಟ್ಟದಿಂದ ಸರಿಪಡಿಸುವುದು.

3. ಪ್ರತಿ ಗಾಲಿಯ ಎರಡೂ ಬದಿಗೆ ತಡೆ ಕೊಡುವುದು. ಆಮೇಲೆಯೇ ಕೊಂಡಿಯನ್ನು ಬಿಚ್ಚುವುದು.

4. ಮೂಕಿಗಾಲನ್ನು ಅಡಿಹಲಗೆಯ ಮೇಲೆ ಇಳಿಸಿ ಹಿಂದುಮುಂದಿನ ಮಟ್ಟ ಸರಿಮಾಡುವುದು. ಚಾವಣಿಯ ನೀರು ನಿಲ್ಲದಂತೆ ಮೂತಿಯನ್ನು ತುಸು ಎತ್ತರ ಅಥವಾ ತಗ್ಗು ಬಿಡುವುದುಂಟು.

5. ಮೊದಲು ಅಚ್ಚಿನ ಹಿಂದೆ, ಬಳಿಕ ಮುಂದೆ, ಒಂದೊಂದೇ ಬದಿಯನ್ನು ಜಾಕಿಯಿಂದ ಸ್ವಲ್ಪ ಸ್ವಲ್ಪ ಎತ್ತಿ ಚಾಸಿ ತೊಲೆಯ ಅಡಿಗೆ ಸ್ಟ್ಯಾಂಡು ಕೂರಿಸುವುದು. ಒಂದೇ ಬದಿಯನ್ನು ಒಮ್ಮೆಲೇ ಎತ್ತರಕ್ಕೆ ಎತ್ತಬಾರದು.

6. ಜಾಕಿಯನ್ನು ಇಳಿಸಿ ಭಾರವನ್ನು ಸ್ಟ್ಯಾಂಡಿಗೆ ಬಿಟ್ಟು, ಕೈಯಿಂದ ತಳ್ಳಿ ಅಲುಗಾಟವನ್ನು ಪರೀಕ್ಷಿಸುವುದು.

7. ಮೂಲೆಗಾಲುಗಳನ್ನು ನೆಲಕ್ಕೆ ಮುಟ್ಟಿಸುವುದು. ಕೊನೆಯಲ್ಲಿ ನೆಲಗೂಟಕ್ಕೆ ಪಟ್ಟಿ ಬಿಗಿಯುವುದು.

8. ಸಿಲಿಂಡರು, ಬ್ಯಾಟರಿ ತೆಗೆಯುವುದು ಮತ್ತು ತೊಟ್ಟಿಗಳನ್ನು ಖಾಲಿ ಮಾಡುವುದು.

ಜಾಕಿಯ ಮೇಲೆ ಮಾತ್ರ ನಿಂತ ಗಾಡಿಯ ಅಡಿಗೆ ಯಾರೂ ಹೋಗಬಾರದು. ಹೈಡ್ರಾಲಿಕ್ ಜಾಕಿಯ ಸೀಲಿನಲ್ಲಿ ಎಣ್ಣೆ ಜಿನುಗಿದರೆ ಅದು ನಿಧಾನವಾಗಿ ಇಳಿಯುತ್ತದೆ. ಗಾಳಿಚೀಲದ ಸಸ್ಪೆನ್ಷನ್ ಇರುವ ವ್ಯಾನುಗಳಲ್ಲಿ ಎಂಜಿನ್ ನಿಂತ ಕೆಲವು ಗಂಟೆ ಅಥವಾ ದಿನಗಳಲ್ಲಿ ಚೀಲದ ಗಾಳಿ ಇಳಿದು ಗಾಡಿಯ ಒಡಲೇ ಕೆಳಗೆ ಕೂರುತ್ತದೆ. ಇಂಥ ವಾಹನದ ಅಡಿಗೆ ಹೋಗುವ ಮೊದಲು ಚಾಸಿಗೆ ಸ್ಟ್ಯಾಂಡು ಕಡ್ಡಾಯ. ನಿಲುಗಡೆ ಮುಗಿಸಿ ಗಾಡಿ ಹೊರಡಿಸುವಾಗ ಈ ಕ್ರಮವನ್ನು ಹಿಂದುಮುಂದಾಗಿ ಅನುಸರಿಸುತ್ತಾರೆ. ಗಾಲಿತಡೆಗಳನ್ನು ತೆಗೆಯುವುದು ಗಾಡಿ ಎಳೆಯುವ ವಾಹನಕ್ಕೆ ಸೇರಿದ ಮೇಲೆ.

ಟಯರು, ಸ್ಪ್ರಿಂಗು ಮತ್ತು ಬ್ರೇಕು

ಒಂದೇ ಕಡೆ ನಿಂತ ಟಯರಿನ ನೆಲ ಮುಟ್ಟಿದ ಭಾಗ ಚಪ್ಪಟೆಯಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಓಝೋನ್ ಅದರ ಪಕ್ಕೆಯಲ್ಲಿ ಬಿರುಕು ತರುತ್ತವೆ. ಗಾಳಿಯ ಒತ್ತಡ ತಿಂಗಳಿಗೆ 1ರಿಂದ 2 ಪಿಎಸ್‌ಐ ತಾನಾಗಿ ಇಳಿಯುತ್ತದೆ. ಇದಕ್ಕೆ ಮೂರು ಪರಿಹಾರಗಳಿವೆ. ಮೊದಲನೆಯದು, ಗಾಳಿಯನ್ನು ಟಯರಿನ ಮೇಲೆ ನಮೂದಿಸಿದ ಮಿತಿಯವರೆಗೆ ತುಂಬಿ, ತಿಂಗಳಿಗೊಮ್ಮೆ ಗಾಲಿ ಕಾಲು ಸುತ್ತು ತಿರುಗುವಷ್ಟು ಗಾಡಿಯನ್ನು ಸರಿಸುವುದು. ಎರಡನೆಯದು, ಸ್ಟ್ಯಾಂಡುಗಳಿಂದ ಟಯರಿನ ಮೇಲಿನ ಬಹುಪಾಲು ಭಾರವನ್ನು ಇಳಿಸಿ ಗಾಲಿ ನೆಲ ಮುಟ್ಟಿರುವಂತೆ ಬಿಡುವುದು. ಮೂರನೆಯದು, ಗಾಲಿಗಳನ್ನು ಪೂರ್ತಿ ಎತ್ತಿ ಅಥವಾ ಕಳಚಿ ನೆರಳಿನಲ್ಲಿಡುವುದು. ಮೂರನೆಯ ವಿಧಾನದಲ್ಲಿ ಗಾಡಿ ಕಳವಾಗುವ ಸಾಧ್ಯತೆ ಕಡಿಮೆ, ಆದರೆ ಗಾಲಿಯ ತಡೆ ಇಲ್ಲವಾಗಿ ಇಡೀ ಸ್ಥಿರತೆ ಸ್ಟ್ಯಾಂಡುಗಳ ಮೇಲೆ ನಿಲ್ಲುತ್ತದೆ. ಹಠಾತ್ತಾಗಿ ಪ್ರವಾಹ ಬಂದರೆ ಗಾಡಿಯನ್ನು ಸರಿಸಲೂ ಆಗುವುದಿಲ್ಲ. ನೀರು ನಿಲ್ಲುವ ಪ್ರದೇಶಗಳಿಗೆ ಎರಡನೆಯ ವಿಧಾನ ಹೆಚ್ಚು ಹೊಂದುತ್ತದೆ.

ಪಟ್ಟಿ ಸ್ಪ್ರಿಂಗಿನ ಎಲೆಗಳ ನಡುವೆ ತೇವ ಸೇರಿದರೆ ತುಕ್ಕು ಹಿಡಿದು ಅವು ಅಂಟಿಕೊಳ್ಳುತ್ತವೆ. ರಬ್ಬರ್ ತಿರುಚು ಅಚ್ಚಿನಲ್ಲಿ ವರ್ಷಗಟ್ಟಲೆ ಪೂರ್ಣಭಾರ ಹೊತ್ತ ರಬ್ಬರು ಶಾಶ್ವತವಾಗಿ ಬಾಗುತ್ತದೆ. ಭಾರ ಇಳಿಸುವುದರಿಂದ ಎರಡಕ್ಕೂ ಅನುಕೂಲ. ಕೈಬ್ರೇಕನ್ನು ಎಳೆದೇ ಇಟ್ಟರೆ ತೇವದ ಹವೆಯಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಗಾಲಿತಡೆಗಳು ಭದ್ರವಾದ ಮೇಲೆ ಕೈಬ್ರೇಕನ್ನು ಸಡಿಲಿಸಿ ಇಡುತ್ತಾರೆ. ಇಳಿಜಾರಿನಲ್ಲಿ ಇದು ಸಲ್ಲದು.

ಗಾಳಿ ಮತ್ತು ಮಗುಚುವಿಕೆ

ಐಎಸ್ 875ರ ಮೂರನೆಯ ಭಾಗ ಊರೂರಿಗೆ ಮೂಲ ಗಾಳಿವೇಗವನ್ನು ಗೊತ್ತುಮಾಡಿದೆ. ಮುಂಬೈಗೆ ಅದು ಸೆಕೆಂಡಿಗೆ 44 ಮೀಟರ್, ಮಂಗಳೂರಿಗೆ 39, ಬೆಂಗಳೂರಿಗೆ 33. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 5 ಮೀಟರ್ ಉದ್ದ, 2 ಮೀಟರ್ ಎತ್ತರದ ಪಕ್ಕದ ಗೋಡೆ ಇರುವ, ಗಾಲಿಗಳ ನಡುವೆ 2 ಮೀಟರ್ ಅಂತರವಿರುವ 1,500 ಕಿಲೋ ಟ್ರೇಲರಿಗೆ ಇದನ್ನು ಅನ್ವಯಿಸಬಹುದು. ಗಾಳಿಯ ಬಲ ನೆಲದಿಂದ 1.6 ಮೀಟರ್ ಎತ್ತರದಲ್ಲಿ ಬೀಳುತ್ತದೆ ಎಂದಿಟ್ಟುಕೊಂಡರೆ, ಗಾಡಿಯನ್ನು ಮಗುಚುವ ತಿರುಗುಬಲ ಬೆಂಗಳೂರಿನಲ್ಲಿ ಸುಮಾರು 1,070, ಮಂಗಳೂರಿನಲ್ಲಿ 1,490, ಮುಂಬೈಯಲ್ಲಿ 1,890 ಕಿಲೋಗ್ರಾಂ-ಮೀಟರ್. ತನ್ನ ತೂಕದಿಂದಲೇ ಗಾಡಿ ತಾಳಬಲ್ಲದ್ದು 1,500. ಅಂದರೆ ಬೆಂಗಳೂರಿನ ಬಯಲಿನಲ್ಲಿ ತಾನಾಗಿ ನಿಲ್ಲುವ ಗಾಡಿ ಮಂಗಳೂರಿನಲ್ಲಿ ಅಂಚಿನ ಸ್ಥಿತಿಗೆ ಬರುತ್ತದೆ, ಮುಂಬೈಯಲ್ಲಿ ನೆಲಗೂಟವಿಲ್ಲದೆ ನಿಲ್ಲುವುದಿಲ್ಲ. ಇದು ಬಯಲು ಜಾಗದ, ಐವತ್ತು ವರ್ಷಕ್ಕೊಮ್ಮೆ ನಿರೀಕ್ಷಿಸುವ ಬಿರುಗಾಳಿಯ ಸರಳ ಲೆಕ್ಕ. ಸುತ್ತ ಕಟ್ಟಡಗಳ ಮರೆಯಿದ್ದರೆ ಬಲ ತಗ್ಗುತ್ತದೆ. ಎರಡು ಕಟ್ಟಡಗಳ ನಡುವಿನ ಕಿರಿದಾದ ಓಣಿಯಲ್ಲಿ ಹೆಚ್ಚಲೂಬಹುದು.

ಸ್ಟ್ಯಾಂಡುಗಳನ್ನು ಗಾಲಿಗಳಿಗಿಂತ ಒಳಗೆ ಇಟ್ಟು ಗಾಲಿಗಳನ್ನು ನೆಲದಿಂದ ಎತ್ತಿದರೆ ಗಾಡಿಯ ನಿಲುವಿನ ಅಗಲ ಕುಗ್ಗಿ ಮಗುಚುವ ಸಂಭವ ಹೆಚ್ಚುತ್ತದೆ. ಟಾರ್ಪಾಲಿನ್ನನ್ನು ಸಡಿಲವಾಗಿ ಹೊದಿಸಿದರೆ ಅದು ಹಾಯಿಯಂತೆ ಗಾಳಿ ಹಿಡಿಯುತ್ತದೆ.

ವಿಲೆ ಪಾರ್ಲೆಯ ಪರಿಸ್ಥಿತಿ

ವಿಲೆ ಪಾರ್ಲೆ ಪಶ್ಚಿಮ ರೈಲುಮಾರ್ಗದಲ್ಲಿ ಸಾಂತಾಕ್ರೂಜ್ ಮತ್ತು ಅಂಧೇರಿಗಳ ನಡುವಿನ ಉಪನಗರ. ಮುಂಬೈ ವಿಮಾನನಿಲ್ದಾಣದ ಒಂದನೆಯ ಟರ್ಮಿನಲ್ ಇದರ ಪೂರ್ವ ಬದಿಯಲ್ಲಿದೆ. ಪಶ್ಚಿಮಕ್ಕೆ ಜುಹು ಕಡಲತೀರ ಹತ್ತಿರ. ವಿಮಾನನಿಲ್ದಾಣದ ಪಕ್ಕದ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸರಾಸರಿ ಮಳೆ ಸುಮಾರು 2,300 ಮಿ.ಮೀ. 2005ರ ಜುಲೈ 26ರ ಮಳೆಯಲ್ಲಿ ಇದೇ ಕೇಂದ್ರ 24 ಗಂಟೆಗಳಲ್ಲಿ 944 ಮಿ.ಮೀ. ದಾಖಲಿಸಿತು. ಮಿಲನ್ ಸಬ್‌ವೇಯಂಥ ತಗ್ಗುಗಳಲ್ಲಿ ಭಾರೀ ಮಳೆಗೆ ನೀರು ನಿಲ್ಲುತ್ತದೆ. ಟ್ರೇಲರಿನ ಒಡಲು ಗಾಳಿ ತುಂಬಿದ ಪೆಟ್ಟಿಗೆಯಂತಿರುವುದರಿಂದ ನೀರು ನೆಲದ ಹಲಗೆಗಿಂತ ಮೇಲೇರಿದರೆ ಅದು ತೇಲಿ ಸ್ಟ್ಯಾಂಡುಗಳಿಂದ ಜಾರಬಹುದು. 5 ಮೀಟರ್ ಉದ್ದ, 2 ಮೀಟರ್ ಅಗಲದ ಒಡಲು ನೀರಿನಲ್ಲಿ 15 ಸೆಂಟಿಮೀಟರ್ ಮುಳುಗಿದಾಗ ಅದು ಪಕ್ಕಕ್ಕೆ ಸರಿಸುವ ನೀರಿನ ತೂಕವೇ 1,500 ಕಿಲೋ.

ಕಡಲಿನ ಉಪ್ಪುಗಾಳಿಗೆ ಬಣ್ಣ ಬಳಿದ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಬಿಸಿ ಸತುವಿನಲ್ಲಿ ಅದ್ದಿದ ಸ್ಟ್ಯಾಂಡು, ತಿರುಪಿನ ಭಾಗಕ್ಕೆ ಗ್ರೀಸು, ಉಕ್ಕು ಮತ್ತು ಅಲ್ಯೂಮಿನಿಯಂ ಸೇರುವಲ್ಲಿ ರಬ್ಬರ್ ಪದರ ಇದಕ್ಕೆ ಪರಿಹಾರ. ಹೊದಿಕೆಯ ಮಡಿಕೆಯಲ್ಲೂ ಕಳಚಿಟ್ಟ ಟಯರಿನಲ್ಲೂ ನಿಲ್ಲುವ ನೀರು ಡೆಂಗಿ ಹರಡುವ ಸೊಳ್ಳೆಗಳ ತಾಣ. ಮಹಾನಗರಪಾಲಿಕೆಯ ಕೀಟನಿಯಂತ್ರಣ ವಿಭಾಗ ಇಂಥ ವಸ್ತುಗಳ ತೆರವಿಗೆ ಕ್ರಮ ಜರುಗಿಸುತ್ತದೆ. 2016ರ ಐಎಸ್ 1893 ಮಾನಕದ ಭೂಕಂಪ ನಕ್ಷೆಯಲ್ಲಿ ಮುಂಬೈ ಮೂರನೆಯ ವಲಯದಲ್ಲಿದೆ. ಎತ್ತರದ ಆಧಾರಗಳಿಗಿಂತ ತಗ್ಗಿನ ಆಧಾರಗಳು ಇಲ್ಲಿ ಹೆಚ್ಚು ಸುರಕ್ಷಿತ ಎಂಬುದಕ್ಕೆ ಇದೂ ಒಂದು ಕಾರಣ.

ನಿಯತ ಪರಿಶೀಲನೆ

ಮಳೆಗಾಲದ ಮೊದಲ ಭಾರೀ ಮಳೆಯ ಮರುದಿನ, ಬಳಿಕ ಎರಡು ವಾರಕ್ಕೊಮ್ಮೆ ಆಧಾರಗಳನ್ನು ನೋಡಬೇಕು. ಸ್ಟ್ಯಾಂಡಿನ ಪಾದ ನೆಲಕ್ಕೆ ಇಳಿದಿದೆಯೇ, ರಸಮಟ್ಟದ ಗುಳ್ಳೆ ಸರಿದಿದೆಯೇ, ಮರದಲ್ಲಿ ಗೆದ್ದಲು ಅಥವಾ ಕೊಳೆತ ಇದೆಯೇ, ಪಟ್ಟಿ ಸಡಿಲಗೊಂಡಿದೆಯೇ, ಗಾಲಿತಡೆ ಸರಿದಿದೆಯೇ ಎಂಬುವು ಮುಖ್ಯ ಅಂಶಗಳು. ಒಳಗೆ ಬೂಷ್ಟು ಹಿಡಿಯದಂತೆ ಗಾಳಿಕಿಂಡಿಗಳನ್ನು ತೆರೆದು ಇಲಿ ನುಸುಳದಂತೆ ಜಾಲರಿ ಹಾಕುತ್ತಾರೆ. ಆರು ತಿಂಗಳು ಮೀರಿದ ನಿಲುಗಡೆಯ ಬಳಿಕ ಗಾಲಿಯ ಬೇರಿಂಗುಗಳಿಗೆ ಹೊಸ ಗ್ರೀಸು ತುಂಬದೆ ಗಾಡಿಯನ್ನು ದೂರ ಎಳೆಯಬಾರದು.

ಸಂಬಂಧಿತ ಪದ್ಧತಿಗಳು

ತೇರು: ಕರ್ನಾಟಕದ ದೇವಾಲಯಗಳ ತೇರುಗಳು ವರ್ಷದ ಕೆಲವೇ ದಿನ ಚಲಿಸಿ ಉಳಿದ ಕಾಲ ನಿಂತಿರುತ್ತವೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳನ್ನು ಎಳೆಯುತ್ತಾರೆ. ತೇರಿನ ಗಾಲಿಗಳನ್ನು ತಡೆಯಲು, ದಿಕ್ಕು ತಿರುಗಿಸಲು ಮರದ ಬೆಣೆಗಳೇ ಸಾಧನ. ನಿಂತ ತೇರಿನ ಅಚ್ಚಿನ ಸ್ಥಿತಿ ಜಾತ್ರೆಗೆ ಮುನ್ನ ಪರಿಶೀಲಿಸಬೇಕಾದ ಮುಖ್ಯ ಅಂಶ. ಕೊಟ್ಟೂರಿನ ಗುರುಬಸವೇಶ್ವರ ತೇರು 2017ರ ಫೆಬ್ರವರಿ 21ರಂದು ಎಳೆಯುವಾಗ ಅಚ್ಚು ಮುರಿದು ಉರುಳಿತ್ತು.

ವ್ಯಾನಿಟಿ ವ್ಯಾನು: ಹಿಂದಿ ಚಿತ್ರರಂಗದಲ್ಲಿ ಕಲಾವಿದರ ವಿಶ್ರಾಂತಿ, ಪ್ರಸಾಧನಗಳಿಗೆ ಬಳಸುವ ವಾಹನ. ಇವುಗಳಲ್ಲಿ ಬಹುಪಾಲು ಬಸ್ ಅಥವಾ ಲಾರಿ ಚಾಸಿಯ ಮೇಲೆ ಕಟ್ಟಿದವು. ಕೋವಿಡ್ ಕಾರಣದಿಂದ 2020ರ ಮಾರ್ಚ್ 19ರಿಂದ ಚಿತ್ರೀಕರಣ ನಿಂತಾಗ ಮುಂಬೈನ ವ್ಯಾನುಗಳು ತಿಂಗಳುಗಟ್ಟಲೆ ನಿಂತವು. ಕೆಲವನ್ನು ಕರ್ತವ್ಯದಲ್ಲಿದ್ದ ಪೊಲೀಸರ ವಿಶ್ರಾಂತಿಗೆ ಒದಗಿಸಲಾಯಿತು.

ವಿಮಾನ: ಕೋವಿಡ್ ಕಾರಣದಿಂದಲೇ ಭಾರತದ ದೇಶೀಯ ವಿಮಾನ ಸಂಚಾರ 2020ರ ಮಾರ್ಚ್ 25ರಿಂದ ಮೇ 24ರವರೆಗೆ ಸ್ಥಗಿತಗೊಂಡಿತ್ತು. ನಿಂತ ವಿಮಾನದ ಗಾಲಿಗಳಿಗೆ ತಡೆ ಕೊಡುವುದು, ಟಯರು ಚಪ್ಪಟೆಯಾಗದಂತೆ ನಿಯತವಾಗಿ ತಿರುಗಿಸುವುದು, ಬಿರುಗಾಳಿಯ ಮುನ್ಸೂಚನೆ ಇದ್ದಾಗ ನೆಲಕ್ಕೆ ಕಟ್ಟುವುದು ಟ್ರೇಲರಿನ ನಿಲುಗಡೆಗೆ ಸಮಾನವಾದ ಕ್ರಮಗಳು.

ಕಾನೂನು

ಮೋಟಾರು ವಾಹನ ಕಾಯಿದೆ, 1988ರ 2(46)ನೆಯ ಕಲಮು, ಸೆಮಿ-ಟ್ರೇಲರ್ ಮತ್ತು ಸೈಡ್‌ಕಾರುಗಳನ್ನು ಬಿಟ್ಟು, ಮೋಟಾರು ವಾಹನ ಎಳೆಯುವ ಯಾವುದೇ ವಾಹನವನ್ನು ಟ್ರೇಲರ್ ಎಂದು ವ್ಯಾಖ್ಯಾನಿಸುತ್ತದೆ. ಮೋಟಾರು ವಾಹನ ಎಂಬ ಪದದ ವ್ಯಾಖ್ಯೆಯಲ್ಲಿ ಟ್ರೇಲರೂ ಸೇರಿರುವುದರಿಂದ ಅದಕ್ಕೆ ನೋಂದಣಿ ಬೇಕು. ಸಾರ್ವಜನಿಕ ಸ್ಥಳದಲ್ಲಿ ಅಪಾಯಕರವಾಗಿ ವಾಹನ ಬಿಡುವುದನ್ನು 122ನೆಯ ಕಲಮು ನಿಷೇಧಿಸುತ್ತದೆ. ಹತ್ತು ಗಂಟೆ ಅಥವಾ ಹೆಚ್ಚು ಕಾಲ ಸಾರ್ವಜನಿಕ ಸ್ಥಳದಲ್ಲಿ ಬಿಟ್ಟುಹೋದ ವಾಹನವನ್ನು ಎಳೆದೊಯ್ಯಲು 127ನೆಯ ಕಲಮಿನಲ್ಲಿ ಅವಕಾಶವಿದೆ. ಹೀಗಾಗಿ ದೀರ್ಘ ನಿಲುಗಡೆ ಖಾಸಗಿ ಜಾಗದಲ್ಲಿ ಮಾತ್ರ ಸಾಧ್ಯ. ಎಂಜಿನ್ ಇರುವ ಕ್ಯಾರವಾನುಗಳ ಮಾದರಿ ಅನುಮೋದನೆಗೆ ಎಐಎಸ್-124 ಮಾನಕವಿದೆ.

ಪ್ರಸ್ತುತ ಸ್ಥಿತಿ

ಮಹಾರಾಷ್ಟ್ರ ಮತ್ತು ಕೇರಳ ರಾಜ್ಯಗಳು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಗಳನ್ನು ಪ್ರಕಟಿಸಿದವು. ದೇಶದಲ್ಲಿ ಬಾಡಿಗೆಗೆ ದೊರೆಯುವ ಕ್ಯಾರವಾನುಗಳಲ್ಲಿ ಹೆಚ್ಚಿನವು ಎಂಜಿನ್ ಸಹಿತ ವಾಹನಗಳು. ಕಾರಿಗೆ ಕಟ್ಟುವ ಟ್ರೇಲರುಗಳು ಕಡಿಮೆ. ಕೊಂಕಣ ಮತ್ತು ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಪ್ರವಾಸ ಇಳಿಮುಖವಾಗುವುದರಿಂದ ವಾಹನಗಳ ನಿಲುಗಡೆ ಅವಧಿ ಪ್ರತಿವರ್ಷ ಜೂನಿನಿಂದ ಸೆಪ್ಟೆಂಬರಿಗೆ ಬೀಳುತ್ತದೆ. ಮಣ್ಣಿನ ಅಂಗಳವಿದ್ದ ವಿಲೆ ಪಾರ್ಲೆಯ ಹಳೆಯ ಬಂಗಲೆಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಬಂದಂತೆ ನಿಲುಗಡೆಯ ನೆಲವೂ ಮಣ್ಣಿನಿಂದ ಕಾಂಕ್ರೀಟ್ ಮಹಡಿಗೆ ಬದಲಾಗಿದೆ. ಮಣ್ಣಿನಲ್ಲಿ ಸ್ಟ್ಯಾಂಡು ಇಳಿಯದಂತೆ ಅಡಿಹಲಗೆಯನ್ನು ಅಗಲ ಮಾಡುತ್ತಿದ್ದರು. ಮಹಡಿಯಲ್ಲಿ ಭಾರ ಒಂದೇ ಕಡೆ ಬೀಳದಂತೆ ಅದನ್ನೇ ಅಗಲ ಮಾಡುತ್ತಾರೆ.